ಸೇತುವೆಗೆ ಹುಟ್ಟಿದ ಅವಳಿ

ಅವಳಿ ಅಂದರೇನು ಅಂತ ಅಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳೂ ಪುಟ್ಟಿಯೂ ಒಂದೇ ಬಸಿರಲ್ಲಿ ಬಂದವರು. ಗಳಿಗೆ ಮುಂಚೆ ಹುಟ್ಟಿದ ತಪ್ಪಿಗೆ ಇವಳು ಜನ್ಮವಿಡೀ ಅಕ್ಕ! ಅಕ್ಕ ರಸ್ತೆ ಇಲಾಖೆಯಲ್ಲಿ ಎಂಜಿನಿಯರ್, ಪುಟ್ಟಿ ಶಾಲೆಯ ವ್ಯಾನಿಗೆ ಡ್ರೈವರ್.

ಊರಿನ ರಸ್ತೆ, ಸೇತುವೆಗಳಿಗೆಲ್ಲ ಕಂಪ್ಯೂಟರಿನೊಳಗೆ ಡಿಜಿಟಲ್ ಅವಳಿ ಕಟ್ಟುವ ಯೋಜನೆ ಅಕ್ಕನ ಕೈಗೆ ಬಂತು. ಮೊದಲ ಸರದಿ ನದಿ ಮೇಲಿನ ಹಳೇ ಸೇತುವೆಯದು. ಅದರಡಿ ನಡುಕ ಅಳೆಯುವ ಸೆನ್ಸರ್ ಕೂರಿಸಿದರು. ಸೇತುವೆ ನಡುಗಿದರೆ ಪರದೆಯ ಮೇಲಿನ ಸೇತುವೆಯೂ ನಡುಗಬೇಕು. "ಒಬ್ಬಳಿಗೆ ಜ್ವರ ಬಂದ್ರೆ ಇನ್ನೊಬ್ಬಳ ಮೈ ಬಿಸಿಯಾಗಬೇಕು, ಅದೇ ಅವಳಿ," ಎಂದು ಅಕ್ಕ ಸಭೆಯಲ್ಲಿ ಹೇಳಿದಾಗ ಎಲ್ಲರೂ ತಲೆದೂಗಿದರು.

ಆದರೆ ಆ ಸೆನ್ಸರ್ ಆಗಾಗ ಕೈಕೊಡುತ್ತಿತ್ತು. ಸಾಹೇಬರಿಗೆ ತೋರಿಸುವ ಹೊತ್ತಿಗೇ ಪರದೆ ಬೋಳಾಗಿ, ಅವರು ಮುಖ ಗಂಟಿಕ್ಕಿದರು. ಅಕ್ಕ ಒಂದು ಉಪಾಯ ಹೂಡಿದಳು: ಸೆನ್ಸರಿನಿಂದ ಹೊಸ ಸುದ್ದಿ ಬರದಿದ್ದರೆ ಕಂಪ್ಯೂಟರು ಕಡೆಯ ಸುದ್ದಿಯನ್ನೇ ನಿಜ ಅಂತ ಹಿಡಿಯಲಿ. ಅಲ್ಲಿಂದಾಚೆ ಪರದೆಯ ಮೇಲೆ ಸೇತುವೆ ಸದಾ ಹಸಿರು, ಅಂದರೆ ಕ್ಷೇಮ. ಅಯ್ಯೋ, ಬಾಯಿ ಬಿಡದವರೆಲ್ಲ ಸುಖವಾಗಿದ್ದಾರೆ ಅಂದುಕೊಂಡ ಹಾಗಾಯಿತಲ್ಲ!

ಒಂದು ಸಂಜೆ ಪುಟ್ಟಿ ವ್ಯಾನಿನ ಕೀಲಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಸೇತುವೆ ನಡುವಿನ ಕಬ್ಬಿಣದ ಪಟ್ಟಿ ಎದ್ದಿದೆ ಕಣೇ. ಅದರ ಮೇಲೆ ಹೋದ್ರೆ ಗಾಡಿ ಒಂದು ಕಡೆ ಎಳೆಯುತ್ತೆ. ಮಕ್ಕಳನ್ನ ಕೂರಿಸ್ಕೊಂಡು ಹೋಗೋಕೆ ಭಯ ಆಗುತ್ತೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ನಿನ್ನ ಗಾಡಿ ಲಡ್ಡು ಹಿಡಿದಿದ್ರೆ ಸೇತುವೆನ ಯಾಕೆ ಬೈತೀಯ?" ಅಕ್ಕ ನಗುತ್ತಾ ಮೊಬೈಲ್ ಚಾಚಿದಳು. "ನೋಡು, ಹಸಿರು."

ಪುಟ್ಟಿ ಮತ್ತೆ ಆ ಮಾತೆತ್ತಲಿಲ್ಲ. ಒಪ್ಪಿಕೊಂಡಳು ಅಂದುಕೊಂಡಳು ಅಕ್ಕ.

ಅದೇ ವಾರ, ಪುಟ್ಟಿ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಆ ಪಟ್ಟಿ ಕಿತ್ತು ಬಂತು. ವ್ಯಾನು ಹೋಗಿ ತಡೆಗೋಡೆಗೆ ಅಪ್ಪಳಿಸಿತು. ಆ ಹೊತ್ತಿನಲ್ಲಿ ಅಕ್ಕ ಕಚೇರಿಯಲ್ಲಿ ಸಾಹೇಬರಿಗೆ ಪರದೆ ತೋರಿಸುತ್ತಿದ್ದಳು. ಅವಳ ಮೈ ಜುಮ್ ಅನ್ನಲಿಲ್ಲ, ಎದೆ ಝಲ್ ಅನ್ನಲಿಲ್ಲ. ಆಸ್ಪತ್ರೆಯಿಂದ ಫೋನ್ ಬಂದಾಗಲೂ ಸೇತುವೆ ಹಸಿರಾಗಿಯೇ ಇತ್ತು.

ಪುಟ್ಟಿಯ ಕಾಲು ಮುರಿದಿತ್ತು. ಅಕ್ಕ ಮಂಚದ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಸೆನ್ಸರ್ ಯಾವಾಗಲೋ ಸತ್ತುಹೋಗಿತ್ತು ಕಣೇ. ಸುಮ್ಮನಿದ್ರೆ ಚೆನ್ನಾಗಿದೆ ಅಂತ ಅರ್ಥ ಮಾಡ್ಕೊಳ್ಳೋಕೆ ನಾನೇ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದೆ... ನೀನಾದ್ರೂ ಇನ್ನೊಂದ್ಸಲ ಹೇಳಬಾರದಿತ್ತಾ?"

ಪುಟ್ಟಿ ಗೋಡೆ ಕಡೆ ಮುಖ ತಿರುಗಿಸಿದಳು.

"ಹೇಳಿದ್ನಲ್ಲೇ. ನೀನು ನಿನ್ನ ಇನ್ನೊಂದು ಅವಳಿನ ಕೇಳಿದೆ."