ಫಾನ್ ಥಿಯೆಟ್‌ಗೆ ಹೆಣ್ಣು ಕೇಳಲು ಹೋದದ್ದು

ಕಾಫಿ ಕೊಯ್ಲು ಮುಗಿದು, ಗಿಡಗಳು ಹೂಬಿಡಲು ಬೇಕಾದ ಹೂಮಳೆಗೆ ಕಾಯುತ್ತಿದ್ದ ದಿನಗಳಲ್ಲಿ ನಾನೂ ಚಿಕ್ಕಪ್ಪನೂ ವಿಯೆಟ್ನಾಮಿಗೆ ಹೊರಟೆವು. ನನ್ನ ತಮ್ಮ ಸತೀಶ ಅಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸದಲ್ಲಿದ್ದಾನೆ. ಫಾನ್ ಥಿಯೆಟ್ ಎಂಬ ಕಡಲೂರಿನ ಮೀನುಗಾರರ ಮನೆಯ ಹುಡುಗಿ ಲಾನ್‌ಳನ್ನು ಮೆಚ್ಚಿದ್ದ. ಹಿರಿಯರು ಬಂದು ಕೇಳದೆ ಮಾತಿಲ್ಲ ಎಂದು ಅವಳ ಅಪ್ಪ ಹೇಳಿದ್ದರಂತೆ. ಅಪ್ಪ ತೀರಿಕೊಂಡ ಮೇಲೆ ನಮಗೆ ಹಿರಿಯರೆಂದರೆ ಕಳಸದ ಹತ್ತಿರ ತೋಟ ಮಾಡಿಕೊಂಡಿರುವ ಈ ಚಿಕ್ಕಪ್ಪನೇ. ಮಂಗಳೂರಿನಿಂದ ಆಚೆಗೆ ಅವರು ಕಾಲಿಟ್ಟವರಲ್ಲ. ಮೂಡಿಗೆರೆಯಲ್ಲಿ ನಮ್ಮ ಮನೆಯಿಂದ ನನ್ನನ್ನು ಕಾರಿಗೆ ಹತ್ತಿಸಿಕೊಂಡಾಗ ಅವರ ಮಡಿಲಲ್ಲಿ ಅತ್ತಿಗುಂಡಿಯಿಂದ ತರಿಸಿದ ಕಾಫಿಪುಡಿಯ ದೊಡ್ಡ ಪೊಟ್ಟಣವಿತ್ತು.

ಬೆಂಗಳೂರಿನಿಂದ ಹೋ ಚಿ ಮಿನ್ ನಗರಕ್ಕೆ ವಿಮಾನ, ಅಲ್ಲಿ ಕಾದಿದ್ದ ಸತೀಶನ ಜೊತೆ ಬಸ್ಸು. ಬಸ್ಸಿನಲ್ಲಿ ಮಲಗಿಕೊಂಡೇ ಹೋಗಬೇಕು, ಹತ್ತುವಾಗಲೇ ಚಪ್ಪಲಿ ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳಬೇಕು. ದಾರಿಯಲ್ಲಿ ಒಂದು ಲೋಟ ಕಾಫಿಗೆ ಮೂವತ್ತು ಸಾವಿರ ಎಂದಾಗ ಚಿಕ್ಕಪ್ಪ ಲೋಟ ಕೆಳಗಿಟ್ಟರು. ನಮ್ಮ ಲೆಕ್ಕದಲ್ಲಿ ನೂರರ ಆಸುಪಾಸು ಎಂದು ಸತೀಶ ಬಿಡಿಸಿ ಹೇಳಿದ ಮೇಲೂ ಅವರ ಮುಖ ಸಡಿಲವಾಗಲಿಲ್ಲ. ತಳದಲ್ಲಿ ಗಟ್ಟಿಹಾಲು, ಮೇಲೆ ಕಪ್ಪು ಡಿಕಾಕ್ಷನ್, ಅದರ ಮೇಲೆ ಮಂಜುಗಡ್ಡೆ. "ಇದು ಪಾಯಸವೋ ಕಾಫಿಯೋ?" ಎಂದರು.

ಲಾನ್‌ಳ ಮನೆ ಬಾಗಿಲಲ್ಲೇ ಅವಳ ತಾಯಿ ನನ್ನ ಕೈ ಹಿಡಿದು ಕೇಳಿದ ಮೊದಲ ಪ್ರಶ್ನೆ, ನಿನಗೆ ವಯಸ್ಸೆಷ್ಟು? ನಾನು ಗಲಿಬಿಲಿಗೊಂಡೆ. ವಯಸ್ಸು ತಿಳಿಯದೆ ಅಕ್ಕ ಎನ್ನಬೇಕೋ ತಂಗಿ ಎನ್ನಬೇಕೋ ಗೊತ್ತಾಗದು, ಅದು ತೀರ್ಮಾನವಾಗದೆ ಆ ಭಾಷೆಯಲ್ಲಿ ಮಾತೇ ಸಾಗದು ಎಂದು ಸತೀಶ ಹೇಳಿದ. ಅಲ್ಲಿಗೆ ಹೋಗುವವರು ಇದಕ್ಕೆ ಬೇಸರ ಮಾಡಿಕೊಳ್ಳಬಾರದು. ಏನನ್ನು ಕೊಡುವಾಗಲೂ ಎರಡೂ ಕೈಯಲ್ಲಿ ಕೊಡಬೇಕು. ನಾವು ಹಾಗೆಯೇ ಕೊಟ್ಟ ಪೊಟ್ಟಣವನ್ನು ಅವರು ಬಿಚ್ಚಲೂ ಇಲ್ಲ, ಮೂಸಿ ನೋಡಲೂ ಇಲ್ಲ. ನೇರ ಒಯ್ದು, ಊದುಬತ್ತಿ ಉರಿಯುತ್ತಿದ್ದ ಹಿರಿಯರ ಪಟಗಳ ಮುಂದೆ ಇಟ್ಟರು.

"ನಮ್ಮ ಪುಡೀನ ಎಡೆ ಇಟ್ಟುಬಿಟ್ರಲ್ಲ ಮಾರಾಯ್ತಿ," ಎಂದು ಚಿಕ್ಕಪ್ಪ ಪಿಸುಗುಟ್ಟಿದರು. "ಇದು ಒಪ್ಪಿಗೆಯೋ ಅಲ್ವೋ?"



ಊಟಕ್ಕೆ ಕೂತೆವು. ತಿನ್ನುವ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಹಿರಿಯರನ್ನು ಊಟಕ್ಕೆ ಕರೆಯದೆ ತುತ್ತು ಎತ್ತಬಾರದು, ಇಷ್ಟನ್ನು ಸತೀಶ ದಾರಿಯಲ್ಲೇ ಕಲಿಸಿದ್ದ. ನಡುವೆ ತಟ್ಟೆಯಲ್ಲಿ ಇಡೀ ಮೀನು. ಎಲ್ಲರೂ ಒಂದೊಂದು ಚೂರು ತೆಗೆದು ಮೇಲಿನ ಮಗ್ಗುಲು ಮುಗಿಯಿತು. ಅಡಿಯ ಮಗ್ಗುಲನ್ನು ಯಾರೂ ಮುಟ್ಟದ್ದನ್ನು ನೋಡಿ, ಸಂಕೋಚ ಪಡುತ್ತಿದ್ದಾರೆಂದುಕೊಂಡು, ನಾನೇ ಚಮಚದಿಂದ ಮೀನನ್ನು ಮಗುಚಿ ಲಾನ್‌ಳ ಅಪ್ಪನ ಕಡೆಗೆ ಸರಿಸಿದೆ.

ಅವರು ಕಡ್ಡಿಗಳನ್ನು ಕೆಳಗಿಟ್ಟು ಎದ್ದು ಹೊರಗೆ ಹೋದರು. ಲಾನ್‌ಳ ತಾಯಿ ಪಟಗಳತ್ತ ತಿರುಗಿ ಕೈ ಮುಗಿದರು.

"ಅಕ್ಕಾ," ಎಂದ ಸತೀಶ, ದನಿ ತಗ್ಗಿಸಿ. "ಮೀನು ಮಗುಚಿದ್ರೆ ದೋಣಿ ಮಗುಚಿದ ಹಾಗೆ ಅಂತಾರೆ ಇಲ್ಲಿ. ಲಾನ್‌ಳ ಅಣ್ಣ ದೋಣಿ ಮೇಲೆ ಹೋಗಿದಾನೆ. ಇವತ್ತು ಗಾಳಿ ಬೇರೆ."

"ಮೊದ್ಲೇ ಹೇಳ್ಬಾರ್ದಿತ್ತೇನೋ?"

"ನೀನು ಮಗುಚ್ತೀಯ ಅಂತ ನಂಗೇನು ಗೊತ್ತು?"

ಕ್ಷಮೆ ಕೇಳಲೇ ಎಂದರೆ ಲಾನ್ ಬೇಡವೆಂದು ತಲೆಯಾಡಿಸಿದಳು. ಬಾಯಲ್ಲಿ ಆಡಿದರೆ ಇನ್ನೂ ಕೆಟ್ಟದ್ದಂತೆ. ಮೀನನ್ನು ಮತ್ತೆ ತಿರುಗಿಸಬಹುದೇ, ಹಾಗೆಯೇ ಬಿಡಬೇಕೇ? ನನ್ನ ಕೈ ತಟ್ಟೆಯ ಹತ್ತಿರ ಹೋಗಿ ಹಿಂದೆ ಬಂತು. ಚಿಕ್ಕಪ್ಪ ಮಾತ್ರ ಕೈ ತೊಳೆದುಕೊಂಡರು.

"ಹೂಮಳೆ ಮೋಡ ಕಂಡಾಗ, ಈಗ ಬರತ್ತೆ ಅಂತ ಯಾರಾದ್ರೂ ಅಂದ್ರೆ ನಂಗೂ ಆಗಲ್ಲ, ಬರೋ ಮಳೆ ತಪ್ಪತ್ತೆ," ಎಂದು ಹೇಳಿ ಅವರೂ ಹೊರಗೆ ಹೋದರು.

ಮನೆಯ ಹಿಂದೆಯೇ ಕಡಲು. ಮರಳಿನ ಮೇಲೆ ನಮ್ಮ ಹರಿಗೋಲಿನಂಥ ಬಿದಿರಿನ ದುಂಡು ದೋಣಿಗಳಿದ್ದವು. ಲಾನ್‌ಳ ಅಪ್ಪ ಒಂದರ ಪಕ್ಕದಲ್ಲಿ ಕೂತಿದ್ದರು. ಚಿಕ್ಕಪ್ಪ ಹೋಗಿ ಪಕ್ಕದಲ್ಲಿ ಕೂತರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ನಾನು ಹತ್ತಿರ ಹೋಗುವುದೋ ದೂರ ಇರುವುದೋ ತಿಳಿಯದೆ ಹಿತ್ತಿಲ ಬಾಗಿಲಲ್ಲಿ ನಿಂತೆ. ಬಿಸಿಲು ಇಳಿಯಿತು. ದೋಣಿಗಳು ಒಂದೊಂದಾಗಿ ಬಂದವು, ಪ್ರತಿಯೊಂದಕ್ಕೂ ಅವರಿಬ್ಬರೂ ಒಟ್ಟಿಗೆ ಕತ್ತೆತ್ತಿ ನೋಡುತ್ತಿದ್ದರು. ಕೊನೆಗೆ ಒಂದು ನೀಲಿ ದೋಣಿ ಕಂಡಾಗ ಲಾನ್‌ಳ ಅಪ್ಪ ಎದ್ದು ನೀರಿಗಿಳಿದರು. ಚಿಕ್ಕಪ್ಪನೂ ಪಂಚೆ ಎತ್ತಿಕಟ್ಟಿ ಇಳಿದರು. ಮೀನಿನ ಬುಟ್ಟಿ ಎಳೆಯುತ್ತಿದ್ದ ಮುದುಕರಿಬ್ಬರನ್ನು ಕಂಡು ದೋಣಿಯಿಂದ ಇಳಿದ ಲಾನ್‌ಳ ಅಣ್ಣ, ಇದ್ಯಾರು ಎನ್ನುವಂತೆ ಚಿಕ್ಕಪ್ಪನನ್ನು ನೋಡಿದ. 

ಮೀನಿನ ಮಾತನ್ನು ಯಾರೂ ಎತ್ತಲಿಲ್ಲ. ಚಿಕ್ಕಪ್ಪ ಹೆಣ್ಣು ಕೇಳಿದರು, ಸತೀಶ ನಾಚಿಕೊಳ್ಳುತ್ತಲೇ ತನ್ನ ಮದುವೆಯ ಮಾತನ್ನು ತಾನೇ ಅನುವಾದ ಮಾಡಿದ. ಲಾನ್‌ಳ ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಚಹಾ ಬಗ್ಗಿಸುತ್ತ ಬೇರೇನೋ ಕೇಳಿದರು.

"ನಿಮ್ಮೂರಲ್ಲಿ ಏನೇನು ಮಾಡಬಾರದು ಅಂತ ಕೇಳ್ತಿದಾರೆ," ಎಂದ ಸತೀಶ.

ಚಿಕ್ಕಪ್ಪ ಹೇಳಿದರು, "ಸಾಕು ಅಂದ್ರೂ ಬಡಿಸ್ತಾರೆ, ಎಲೆಗೆ ಕೈ ಅಡ್ಡ ಇಡ್ಬೇಕು ಅನ್ನು. ಚಳಿ ಊರು, ಸ್ವೆಟರ್ ಇಲ್ದೆ ಬರ್ಬಾರ್ದು. ಹೊರಡುವಾಗ ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ಬೇಕು."

ಹೋಗುವವನು ಬರ್ತೀನಿ ಎಂದರೆ ಉಳಿದವರಿಗೆ ಅರ್ಥವಾಗುವುದು ಹೇಗೆ ಎಂದು ಲಾನ್‌ಳ ಅಪ್ಪ ಎರಡು ಸಲ ಕೇಳಿದರು.

ಬೆಳಿಗ್ಗೆ ಬಸ್ಸಿನವರೆಗೆ ಬಂದರು. ಬಸ್ಸು ಹೊರಟಾಗ ಕಿಟಕಿಯ ಕೆಳಗೆ ನಿಂತು, ತಡವರಿಸುತ್ತ, "ಬರ್ತೀನಿ," ಎಂದರು.

ಚಿಕ್ಕಪ್ಪ ಊರು ಮರೆಯಾಗುವವರೆಗೂ ಹಿಂದೆ ತಿರುಗಿ ನೋಡುತ್ತಿದ್ದರು. "ನಾವು ಹೇಳ್ಬೇಕಾದ್ದನ್ನ ಅವ್ರು ತಪ್ಪಿ ಹೇಳಿದ್ರೋ, ನಿಜವಾಗ್ಲೂ ಬರ್ತಾರೋ?"

ಊರಿಗೆ ಮರಳಿ ಕೆಲವು ದಿನ ಕಳೆದರೂ ನಾವು ಅದನ್ನೇ ಚರ್ಚಿಸುತ್ತಿದ್ದೆವು. ಆಮೇಲೆ ಸತೀಶನ ಫೋನು ಬಂತು. ಲಾನ್‌ಳ ಅಪ್ಪ ಅಂಗಡಿಗೆ ಹೋಗಿ ಸ್ವೆಟರ್ ತಂದಿದ್ದಾರೆ, ಆ ಸೆಕೆಯಲ್ಲೂ ದಿನಾ ಹಾಕಿ ನೋಡುತ್ತಿದ್ದಾರೆ ಎಂದ.