ನಾಗಬನದ ಕಪ್ಪೆ

ಮಗಳು ಮೂಡುಬಿದಿರೆಯಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಕಳೆದ ಮಳೆಗಾಲದಲ್ಲಿ ಕೊಕ್ಕಡದ ನಮ್ಮ ಮನೆಗೆ ಬಂದಾಗ, ನಾಗನ ಕಲ್ಲಿನ ಸುತ್ತ ಮರಬಳ್ಳಿ ಬೆಳೆದ ನಾಗಬನದ ಮುಂದೆ ಕೈಮುಗಿದವಳು ಅಲ್ಲೇ ನಿಂತುಬಿಟ್ಟಳು. ಎಲೆಯ ಮೇಲೆ ಉಗುರಿನಷ್ಟು ಕಪ್ಪೆಯೊಂದು ಕೂಗುತ್ತಿತ್ತು.

"ಅಮ್ಮಾ, ಕಾಡಿನಲ್ಲಿ ಇದರ ಜಾತಿಯವು ಹೀಗೆ ಕೂಗುವುದಿಲ್ಲ."

"ಕಪ್ಪೆಯ ಕೂಗಿನಲ್ಲಿ ಎಂತ ವ್ಯತ್ಯಾಸ ಮಾರಾಯ್ತಿ?"

ಅವಳು ಬಿಡಿಸಿ ಹೇಳಿದಳು. ಒಂದೇ ಜಾತಿಯವು ಕೆಲವು ಕಾಡಿನಲ್ಲಿ, ಕೆಲವು ಇಂಥ ಬನದಲ್ಲಿ ದೂರದೂರ ಉಳಿದುಹೋದರೆ ತಲೆಮಾರು ಕಳೆದಂತೆ ಕೂಗು ಚೂರುಚೂರೇ ಬದಲಾಗುತ್ತದಂತೆ. ಹೆಣ್ಣು ಕಪ್ಪೆ ಗಂಡನ್ನು ಗುರುತಿಸುವುದೇ ಕೂಗಿನಿಂದ. ಗುರುತು ಸಿಗದಷ್ಟು ಬದಲಾದರೆ ಅವು ಕೂಡುವುದಿಲ್ಲ. ಲಕ್ಷಾಂತರ ವರ್ಷಗಳಲ್ಲಿ ಅವು ಬೇರೆಯೇ ಜಾತಿಯಾಗುತ್ತವೆ.

"ಇದು ಹಾಗೆ ಆದದ್ದಾ, ಬರೀ ನನ್ನ ಊಹೆಯಾ ಗೊತ್ತಿಲ್ಲ. ಮುಂದಿನ ಮಳೆಗೆ ಸರಿಯಾಗಿ ನೋಡ್ತೇನೆ," ಎಂದಳು.

ನಾನು ಬನಕ್ಕೆ ಮತ್ತೊಮ್ಮೆ ಕೈಮುಗಿದೆ. ಇಷ್ಟು ವರ್ಷ ದೀಪ ಇಟ್ಟ ಜಾಗದಲ್ಲಿ ದೇವರು ಇನ್ನೂ ಕೆಲಸ ಮಾಡುತ್ತಿದ್ದಾನೆ! ಅದನ್ನು ತಿಳಿಯುವ ಮಗಳನ್ನೂ ಕೊಟ್ಟಿದ್ದಾನೆ.

ಬೇಸಿಗೆಯಲ್ಲಿ ಭಾವ, ಅಂದರೆ ಗಂಡನ ಅಣ್ಣ, ಬನ ಕಡಿಸಲು ಹೊರಟರು. ನಾಗನ ಕಲ್ಲಿನ ಸುತ್ತ ಕಾಂಕ್ರೀಟು, ಮೇಲೆ ಗ್ರಾನೈಟು, ಆಮೇಲೆ ನಾಗನಿಗೆ ಪುನಃ ಪ್ರತಿಷ್ಠೆ. ಈಗ ಊರಿಡೀ ಇದೇ ಭಕ್ತಿ.

"ಭಾವ, ಮರ ಕಡಿಯುವುದು ಬೇಡ. ಅಲ್ಲಿ ಜೀವ ಉಂಟು."

"ನಾಗನಿಗೆ ಚಂದ ಮಾಡುವುದಕ್ಕೂ ನಿನ್ನದು ತಕರಾರಾ? ಮಗಳು ಕಪ್ಪೆ ಓದುವುದು, ತಾಯಿಗೆ ಕಪ್ಪೆಯದ್ದೇ ಚಿಂತೆ! ದೇವರು ಎಲ್ಲ ಜೀವವನ್ನೂ ಆಗಲೇ ಮಾಡಿ ಮುಗಿಸಿದ್ದಾನೆ."

"ಮುಗಿಸಿದ್ದಾನೆ ಅಂತ ನಿಮ್ಮ ಹತ್ರ ಬಂದು ಹೇಳಿದ್ನಾ? ಕಡಿಸಿದರೆ ಪ್ರತಿಷ್ಠೆಯ ದಿನ ನಾನು ಒಲೆ ಹಚ್ಚುವುದಿಲ್ಲ."

"ಬೇಡ. ಅಡುಗೆಯವರನ್ನು ಕರೆಸುವ."

ಗಂಡ ಪೇಪರಿನ ಪುಟ ತಿರುಗಿಸಿದರು.

ಮಣ್ಣು ಅಗೆಯುವ ಹಿಟಾಚಿ ಬಂತು. ಮಧ್ಯಾಹ್ನದೊಳಗೆ ಬನ ನೆಲಸಮ. ಹಿಂದಿನ ಇಳಿಜಾರಿಗೆ ಯಂತ್ರ ಇಳಿಯಲಾರದೆ ಒಂದು ಮರ, ಅದರ ಬಳ್ಳಿ ಉಳಿದವು. ಅಷ್ಟಾದರೂ ದೇವರು ಉಳಿಸಿದನಲ್ಲ ಎಂದು ಕೈಮುಗಿದೆ. ಭಾವನ ಮೇಲಿನ ಸಿಟ್ಟು ಮಾತ್ರ ಆರಲಿಲ್ಲ.

ಪ್ರತಿಷ್ಠೆಯ ದಿನ ಬಿಸಿಲಿಗೆ ಕಾದ ಗ್ರಾನೈಟಿನ ಮೇಲೆ ನೆಂಟರೆಲ್ಲ ಕುಣಿಯುತ್ತಾ ಪ್ರದಕ್ಷಿಣೆ ಹಾಕಿದರು. "ಮೇಲೆ ಶೀಟು ಹಾಕಿಸುವ, ನೆರಳಾಗ್ತದೆ," ಎಂದರು ಭಾವ. ನೆರಳನ್ನೇ ಕಡಿಸಿದವರು! ಪುಣ್ಯಕ್ಕೆ ನನ್ನ ಕೈಯಲ್ಲಿ ಪ್ರಸಾದದ ತಟ್ಟೆ ಇತ್ತು, ಹಂಚುತ್ತಾ ಮುಂದೆ ಹೋದೆ.

ಮಳೆ ಹಿಡಿಯಿತು. ಸಂಜೆ ಸಂಜೆ ಉಳಿದ ಆ ಒಂದು ಮರದ ಬುಡದಲ್ಲಿ ನಿಂತು ಕಿವಿಗೊಟ್ಟೆ. ಬರೀ ನೀರಿನ ಸದ್ದು.

ಮೊನ್ನೆ ಭಾವ ನಮ್ಮ ಚಾವಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಮಗಳ ಫೋನ್ ಬಂತು. ಬನ ಕಡಿಸಿದ್ದನ್ನು ಅವಳಿಗೆ ನಾನಿನ್ನೂ ಹೇಳಿರಲಿಲ್ಲ. "ಅಮ್ಮಾ, ನಾಡಿದ್ದು ಬರ್ತೇನೆ. ನಮ್ಮ ಕಪ್ಪೆ ಕೂಗ್ತದಾ?"

ನಾನು ಫೋನನ್ನು ಭಾವನ ಮುಂದೆ ಹಿಡಿದೆ.

"ತೆಗೊಳ್ಳಿ. ನೀವೇ ಹೇಳಿ ಅವಳಿಗೆ."