ಕೆಂಪು ಕಿವಿರು ಕಂಡ ದಿನ

ಡೋನಾ ಜಸೀರಾಳಂಥ ಪುಕ್ಕಲಿಯನ್ನು ನಾನು ರಿಯೊ ನೆಗ್ರೊ ನದಿಯ ಎರಡೂ ದಡದಲ್ಲಿ ಎಲ್ಲೂ ಕಂಡಿಲ್ಲ. ಗಾಳಿ ಜೋರಾದರೆ ಹೆದರಿಕೆ, ನಾಯಿ ಬೊಗಳದಿದ್ದರೆ ಇನ್ನೂ ಹೆದರಿಕೆ. ಗಂಡ ವಾಲ್ಡೆಮಾರ್ ಒಂದು ಸಲ ಕೆಮ್ಮಿದರೆ ಸಾಕು, ಒಲೆಯ ಮೇಲೆ ಕಷಾಯದ ಮೇಲೆ ಕಷಾಯ. ಆಚೆ ದಡದಲ್ಲಿ ಯಾರಿಗೋ ಜ್ವರ ಅಂದರೆ ಈಚೆ ದಡದಲ್ಲಿ ಇವಳು ಮಗಳ ಹಣೆ ಮುಟ್ಟಿ ನೋಡುತ್ತಿದ್ದಳು. ಪಕ್ಕದ ಮನೆಯವಳಾದ ನನಗೆ ಅವಳ ಭಯ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಆದರೂ ಮೀನಿಗೆ ಕಾಯಿಲೆ ಅಂದರೆ ಊರಿಗೆ ಊರೇ ಅವಳ ಬಾಗಿಲಿಗೆ ಹೋಗುತ್ತಿತ್ತು, ನಾನೂ ಹೋಗುತ್ತಿದ್ದೆ.

ನಮ್ಮ ಹೊಟ್ಟೆಪಾಡು ನಡೆಯುವುದು ಮೀನಿನಿಂದ. ತಿನ್ನುವ ಮೀನಲ್ಲ, ನೋಡುವ ಮೀನು. ಬೆರಳಿನ ಒಂದು ಗೆಣ್ಣಿನಷ್ಟುದ್ದ, ಮೈಮೇಲೊಂದು ನೀಲಿ ಗೀಟು, ಕೆಳಗೆ ಕೆಂಪು. ಕಾರ್ಡಿನಲ್ ಅನ್ನುತ್ತೇವೆ. ಎಲ್ಲೆಲ್ಲಿಯದೋ ದೇಶದವರು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಇದನ್ನೇ ನೋಡುತ್ತಾ ಕೂರುತ್ತಾರಂತೆ, ಅವರ ಪುರುಸೊತ್ತಿಗೆ ಏನು ಹೇಳೋಣ. ಗಂಡಸರು ಕಾಡಿನ ಹಳ್ಳಗಳಲ್ಲಿ ಹಿಡಿದು ತಂದರೆ, ಮನಾಸ್‌ಗೆ ಹೋಗುವ ದೋಣಿ ಬರುವ ತನಕ ಅವನ್ನು ಬಲೆಗೂಡುಗಳಲ್ಲಿ ತೇಲಬಿಟ್ಟು ಬದುಕಿಸಿಕೊಳ್ಳುವುದು ಹೆಂಗಸರ ಪಾಲಿಗೆ.

ಜಸೀರಾ ಮೊದಲಿಗೇ ಮೀನಿಗೆ ಕೈ ಹಾಕುವವಳಲ್ಲ. ತನ್ನ ನೆರಳು ನೀರಿಗೆ ಬೀಳದ ಹಾಗೆ ಗೂಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಳು. ಗುಂಪು ಬಿಟ್ಟು ಒಂಟಿಯಾಗಿ ನಿಂತದ್ದು ಯಾವುದು, ರೆಕ್ಕೆ ಮುದುರಿಕೊಂಡದ್ದು ಯಾವುದು ಅಂತ. ಬಲೆಗೆ ಮೈ ಉಜ್ಜಿದರೆ ಚರ್ಮಕ್ಕೆ ಹುಳು ಹತ್ತಿದೆ. ತಲೆಕೆಳಗಾಗಿ ತೇಲಿದರೆ ಹೊಟ್ಟೆಯೊಳಗಿನ ಗಾಳಿಚೀಲ ಕೆಟ್ಟಿದೆ. ಬಣ್ಣ ಮಾಸಿ ಮೂಲೆ ಸೇರಿದ್ದರೆ ಅದು ರೋಗವೇ ಅಲ್ಲ, ಹಿಡಿದು ತಂದವನ ಕೈ ಒರಟು. "ಮೈ ಕೆಡೋದು ಆಮೇಲೆ, ಮೊದ್ಲು ನಡತೆ ಕೆಡುತ್ತೆ" ಅನ್ನುತ್ತಿದ್ದಳು.

"ನಿನ್ನ ಪುಕ್ಕಲುತನಾನೇ ನಿನ್ನ ವಿದ್ಯೆ ಬಿಡಕ್ಕಾ" ಅಂತ ನಾನು ರೇಗಿಸಿದರೆ, "ಹೌದು ಕಣೆ ದೊಮಿಂಗಾ, ಹೆದರ್ದೇ ಇರೋರಿಗೆ ಏನು ಕಾಣುತ್ತೆ" ಅಂತ ಒಪ್ಪಿಕೊಂಡೇ ಬಿಡುತ್ತಿದ್ದಳು. ಹಾಗೆ ಒಪ್ಪಿಕೊಂಡವಳನ್ನು ಇನ್ನೇನು ರೇಗಿಸುವುದು.

ನದಿ ಇಳಿದು ಹಳ್ಳ ಸಣ್ಣಗಾಗಿದ್ದ ಕಾಲ. ಬೆಳಿಗ್ಗೆ ವಾಲ್ಡೆಮಾರ್ ಬುತ್ತಿ ಕಟ್ಟಿಸಿಕೊಂಡು ಮೀನು ಹಿಡಿಯಲು ಹೋಗಿ ಎರಡು ಗಂಟೆ ಮೇಲಾಗಿತ್ತು. ಜಸೀರಾ ನನ್ನನ್ನು ಕೂಗಿದ ದನಿಗೆ ನಾನು ಸೌಟು ಕೆಳಗಿಟ್ಟು ಓಡಿದೆ. ಹಳ್ಳದಲ್ಲಿದ್ದ ಅವಳ ಗೂಡಿನ ಅಷ್ಟೂ ಮೀನು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕೆಲವು ಬುಗುರಿಯ ಹಾಗೆ ಸುತ್ತಿ ಪಕ್ಕಕ್ಕೆ ಬೀಳುತ್ತಿದ್ದವು.

"ಗಾಳಿ ಸಾಲ್ತಿಲ್ಲ ಕಣಕ್ಕಾ, ನೀರು ಕಮ್ಮಿ ಆಯ್ತಲ್ಲ. ಹಳ್ಳದ್ದೇ ಹೊಸ ನೀರು ಎತ್ತಿ ಹಾಕು."

"ಹಾಕಿ ನೋಡ್ದೆ. ಹಾಕಿದಷ್ಟೂ ಬೀಳ್ತಿದಾವೆ. ರೋಗ ಆದ್ರೆ ಒಂದೊಂದನ್ನೇ ಹಿಡಿಯುತ್ತೆ. ಎಲ್ಲಾನೂ ಒಟ್ಟಿಗೆ ಹಿಡಿದಿದೆ ಅಂದ್ರೆ ನೀರಿಂದೇ. ನಿನ್ನ ಗೂಡಲ್ಲಿ?"

ನನ್ನ ಗೂಡು ಹಳ್ಳದಲ್ಲಲ್ಲ, ದೊಡ್ಡ ನದಿಯಲ್ಲಿ. ಅಲ್ಲಿ ಮೀನು ಆಡಿಕೊಂಡಿದ್ದವು. ಹಾಗಂತ ಹೇಳಿದ್ದೇ ತಡ, ಅವಳು ಸತ್ತದ್ದೊಂದನ್ನು ಅಂಗೈಗೆ ತೆಗೆದುಕೊಂಡು ಉಗುರಿನಿಂದ ಕಿವಿರಿನ ಮುಚ್ಚಳ ಎತ್ತಿದಳು. ಒಳಗೆ ಕೆಂಪು, ಕಣ್ಣಿಗೆ ಹೊಡೆಯುವಂಥ ಕೆಂಪು.

"ಗಾಳಿ ಸಿಗ್ದೆ ಸತ್ತಿದ್ರೆ ಇದು ಕಪ್ಪಿಡ್ತಿತ್ತು ಕಣೆ. ಗಾಳಿ ಸಿಕ್ಕಿದೆ, ಮೈಗೆ ಹತ್ತಿಲ್ಲ." ಆಮೇಲೆ ಅವಳು ನನ್ನ ತೋಳು ಹಿಡಿದುಕೊಂಡಳು. "ಇದು ಮರಗೆಣಸಿನ ಹಸಿ ರಸ. ಇಷ್ಟು ನೀರಿಗೆ ಯಾರೋ ಮಡಿಕೆಗಟ್ಟಲೆ ಸುರಿದಿದಾರೆ."

ನಮ್ಮ ಕಹಿ ಮರಗೆಣಸಿನ ಹಸಿ ರಸ ವಿಷ. ಹಿಂಡಿ, ತಿಳಿಯಾಗಲು ಬಿಟ್ಟು, ಗಂಟೆಗಟ್ಟಲೆ ಕುದಿಸಿದ ಮೇಲೆ ಅದೇ ರಸವೇ ತುಕುಪಿ. ಮೆಣಸಿನಕಾಯಿ ಹಾಕಿ ಬಾಟಲಿಗೆ ತುಂಬಿಟ್ಟುಕೊಂಡು ಊಟದ ಮೇಲೆ ಸುರಿದುಕೊಳ್ಳುತ್ತೇವೆ. ಕುದಿಸಿದ್ದಕ್ಕೂ ಕುದಿಸದ್ದಕ್ಕೂ ಬಣ್ಣ ಒಂದೇ, ಹಳದಿ. ಅದಕ್ಕೇ ಕುದಿಸಿದ ಮಡಿಕೆಯ ಬಾಯಿಗೆ ಮಾತ್ರ ಬಾಳೆ ಎಲೆ ಕಟ್ಟಬೇಕು. ಹಸಿ ರಸದ್ದು ತೆರೆದೇ ಇರಬೇಕು, ನಮ್ಮ ಮಕ್ಕಳಿಗೂ ಅದು ಗೊತ್ತು. ಹಳ್ಳದ ಮೇಲುಗಡೆ ಮರಗೆಣಸು ಹಿಂಡುವ ಗುಡಿಸಲಲ್ಲಿ ಆ ದಿನ ಇದ್ದದ್ದು ಜಸೀರಾಳದೇ ಎರಡು ಮಡಿಕೆ, ಒಂದರಲ್ಲಿ ಕುದಿಸಿದ್ದು, ಇನ್ನೊಂದರಲ್ಲಿ ಹಸಿ ರಸ.

ಅವಳ ಮಗಳು ನಿಲ್ಸಾಳನ್ನು ಕರೆದು ಕೇಳಿದೆವು.

"ಅಪ್ಪನ ಬುತ್ತಿಗೆ ತುಕುಪಿ ಬೇಕಿತ್ತಲ್ಲ, ತರೋಕೆ ಹೋಗಿದ್ದೆ" ಅಂದಳು ಹುಡುಗಿ. "ಎಲೆ ಕಟ್ಟಿದ್ದ ಮಡಿಕೇಲಿ ಒಂದು ಬಾಟ್ಲಿ ತುಂಬ್ಕೊಂಡೆ. ಅದ್ರಲ್ಲೇ ಮಿಕ್ಕಿದ್ದು ಹಳೇ ತುಕುಪಿ ಅಂತ ಹಳ್ಳಕ್ಕೆ ಚೆಲ್ಲಿ ಮಡಿಕೆ ತೊಳೆದಿಟ್ಟೆ. ಯಾಕಮ್ಮಾ?"

"ಎಲೆ ಕಟ್ಟಿತ್ತಾ?"

"ಎರಡಕ್ಕೂ ಕಟ್ಟಿತ್ತು."

ಜಸೀರಾ ನಿಂತಲ್ಲೇ ಕೂತಳು. "ಹಲ್ಲಿ ಬಿದ್ದೀತು ಅಂತ ನಿನ್ನೆ ಸಂಜೆ ನಾನೇ ಕಟ್ಟಿದೆ. ಹಸಿ ರಸದ್ದಕ್ಕೂ ಕಟ್ಟಿದೆ."

ಹುಡುಗಿಯ ಮುಖ ಬಿಳಿಚಿಕೊಂಡಿತು. ಆ ಬಾಟಲಿ ಈಗ ವಾಲ್ಡೆಮಾರನ ಬುತ್ತಿಯಲ್ಲಿತ್ತು, ಮತ್ತು ವಾಲ್ಡೆಮಾರ್ ತುಕುಪಿ ಇಲ್ಲದೆ ತುತ್ತು ಎತ್ತುವವನಲ್ಲ.

ಹೇಗೆ ದೋಣಿ ಹತ್ತಿದೆವೋ ನನಗೆ ಜ್ಞಾಪಕವಿಲ್ಲ. ಅವಳು ಮುಂದೆ, ನಾನು ಹಿಂದೆ, ಇಬ್ಬರೂ ಹುಟ್ಟು ಹಾಕಿದೆವು. ಬಿಸಿಲು ಆಗಲೇ ನೆತ್ತಿಯ ಹತ್ತಿರ ಬಂದಿತ್ತು, ಅವನು ಉಣ್ಣುವ ಹೊತ್ತು. "ಇವತ್ತು ಮೀನು ಚೆನ್ನಾಗಿ ಬಿದ್ದಿದ್ರೆ ಊಟ ಮರೆತಿರ್ತಾನೆ ಕಣಕ್ಕಾ" ಅಂದೆ. ಅವಳು ತಿರುಗಿ ನೋಡಲಿಲ್ಲ. "ಅವನು ಯಾವತ್ತು ಊಟ ಮರೆತಿದಾನೆ" ಅಂದಳು. ಇಷ್ಟು ವರ್ಷ ಅವಳ ಭಯವನ್ನು ನಕ್ಕು ತಳ್ಳಿದ್ದ ನಾನೂ ಆಗ ಅವಳಿಗಿಂತ ಜೋರಾಗಿ ಹುಟ್ಟು ಹಾಕಿದೆ. ಆ ರಸ ಕುಡಿದು ಸತ್ತ ಹಂದಿಯನ್ನು ನಾನು ನೋಡಿದ್ದೇನೆ, ಅದರ ಬಾಯಿ ಮುಚ್ಚಿರಲಿಲ್ಲ.

ತಿರುವು ದಾಟಿದ ಕೂಡಲೇ ಅವನು ದಿನಾ ಉಣ್ಣಲು ಕೂರುವ ಮರಳ ದಿಬ್ಬ ಕಂಡಿತು. ವಾಲ್ಡೆಮಾರ್ ಅಂಗಾತ ಬಿದ್ದಿದ್ದ, ಮುಖದ ಮೇಲೆ ಟೋಪಿ. ಪಕ್ಕದಲ್ಲಿ ಉಂಡು ಮುಗಿಸಿದ ಎಲೆ, ಅದರ ಮೇಲೆ ಮೀನಿನ ಮುಳ್ಳು.

ಜಸೀರಾಳ ಕೈಯಿಂದ ಹುಟ್ಟು ನೀರಿಗೆ ಬಿತ್ತು. ದೋಣಿ ದಡಕ್ಕೆ ತಾಗಿದರೂ ಅವಳು ಇಳಿಯಲಿಲ್ಲ. "ನೀನು ಹೋಗಿ ನೋಡೇ, ನನ್ ಕೈಲಾಗಲ್ಲ" ಅಂದಳು. ನಾನೂ ಇಳಿಯಲಿಲ್ಲ, ನಿಜ ಹೇಳುತ್ತೇನೆ. ಇಬ್ಬರೂ ಆ ಟೋಪಿಯನ್ನೇ ನೋಡುತ್ತಾ ಕೂತೆವು.

ಟೋಪಿ ಸರಿಯಿತು. "ಏನೇ ಇದು, ಊರಿಗೆ ಬೆಂಕಿ ಬಿತ್ತಾ?" ಅಂದ ವಾಲ್ಡೆಮಾರ್.

ಅವಳು ಬಿದ್ದು ಎದ್ದು ಓಡಿ ಅವನ ಬುತ್ತಿ ಚೀಲ ಕೊಡವಿದಳು. ಬಾಟಲಿ ಮರಳಿಗೆ ಉರುಳಿತು. ಕಂಠದವರೆಗೂ ತುಂಬಿತ್ತು, ಬಿರಡೆ ಬಿಚ್ಚಿರಲಿಲ್ಲ. ಅದನ್ನು ಎದೆಗವಚಿಕೊಂಡು ಅವಳು ಅತ್ತ ಅಳುವಿಗೆ ನನಗೂ ಕಣ್ಣೀರು ಬಂತು. ವಿಷಯ ನಾನೇ ಹೇಳಬೇಕಾಯಿತು.

"ನೋಡಿದ್ರಾ, ನನ್ನ ಕೊಲ್ಲೋಕೆ ತಾಯಿ ಮಗಳು ಸೇರ್ಕೊಂಡ್ಬಿಟ್ರು" ಅಂತ ಅವನು ನಕ್ಕ. ನಾನೂ ನಕ್ಕೆ, ಅಷ್ಟು ಹಗುರಾಗಿತ್ತು ಮನಸ್ಸು. ಜಸೀರಾ ಮಾತ್ರ ನಗಲಿಲ್ಲ. ಅಳು ನಿಲ್ಲಿಸಿ ಅವನನ್ನೇ ನೋಡಿದಳು.

"ತುಕುಪಿ ಇಲ್ದೆ ಉಣ್ಣೋನಲ್ಲ ನೀನು. ಬಿರಡೆ ಯಾಕೆ ಬಿಚ್ಚಿಲ್ಲ?"

"ಏನೋ, ಬೇಡ ಅನ್ನಿಸ್ತು."

"ವಾಲ್ಡೆಮಾರ್."

ಅವನು ಮರಳಲ್ಲಿ ಬೆರಳಾಡಿಸಿದ. "ನೀರು ಇಳಿಯೋಕೆ ಶುರುವಾದಾಗಿಂದ್ಲೂ ಹುಳಿ ಖಾರ ಸೇರ್ತಿಲ್ಲ. ಹೊಟ್ಟೇಲಿ ಕೆಂಡ ಇಟ್ಟಂಗಾಗುತ್ತೆ. ಮನೇಲಿ ನಿನ್ ಎದುರಿಗೆ ಹೆಂಗೋ ನುಂಗ್ತಿದ್ದೆ, ಬುತ್ತೀದನ್ನ ದಿನಾ ಇಲ್ಲೇ ಚೆಲ್ಲಿ ಖಾಲಿ ಬಾಟ್ಲಿ ತರ್ತಿದ್ದೆ. ಇವತ್ತು ನಿದ್ದೆ ಹತ್ತಿಬಿಡ್ತು."

"ರಕ್ತ ಬರುತ್ತಾ?"

ಅವನು ನದಿಯ ಕಡೆ ನೋಡಿದ. "ಒಂದೊಂದ್ಸಲ. ನಿಂಗೆ ಹೇಳಿದ್ರೆ ಹೆದರ್ಕೊಂಡು ಸತ್ತೇ ಹೋಗ್ತಿದ್ದೆ ನೀನು."

ಆಗ ನಾನೂ ಸರಿಯಾಗಿ ನೋಡಿದೆ. ಅಂಗಿಯೊಳಗೆ ಮನುಷ್ಯ ಅರ್ಧ ಆಗಿದ್ದ. ಚಡ್ಡಿ ಜಾರದಂತೆ ಸೊಂಟಕ್ಕೆ ಬಲೆಯ ಹಗ್ಗ ಬಿಗಿದಿದ್ದ.

"ನನ್ ಎದುರಿಗೇ ಕೂತು ಉಣ್ತಿದ್ದೆಯಲ್ಲೋ" ಅಂದಳು ಜಸೀರಾ. "ದಿನಾ ನನ್ ಎದುರಿಗೇ ಕೂತಿದ್ದೆ ನೀನು, ನಂಗೆ ಕಾಣ್ಲೇ ಇಲ್ಲ."

ಅವಳು ಬಾಟಲಿಯನ್ನು ನೀರಿನಿಂದ ದೂರ ಒಯ್ದು, ಮರಳಲ್ಲಿ ಆಳಕ್ಕೆ ತೋಡಿ ಹೂತು ಬಂದಳು. ಎಲೆ ಅಲುಗಿದರೂ ಬೆಚ್ಚುತ್ತಿದ್ದವಳು ಆಗ ಕೈಯ ಮರಳು ಕೊಡವಿಕೊಂಡು ಗಂಡನ ಬುತ್ತಿ ಚೀಲ ಕಟ್ಟಿದಳು. ನನಗೆ ಅದೇ ಸರಿಬರಲಿಲ್ಲ.

"ನಾಳೆ ದೋಣಿ ಬರುತ್ತೆ" ಅಂದಳು. "ಈ ಸಲ ಮೀನು ಕಳಿಸೋದು ಬೇಡ. ಮನಾಸ್ ಆಸ್ಪತ್ರೆಗೆ ನಿನ್ನ ಕರ್ಕೊಂಡು ಹೋಗ್ತೀನಿ."

ಅವಳ ದನಿಯಲ್ಲಿ ಹೆದರಿಕೆ ಹುಡುಕಿದರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ನಕ್ಕಿದ್ದ ವಾಲ್ಡೆಮಾರ್ ಆಗ ಹೆದರಿದ.